ಬದನೆಯ ಕಾವಲಿಗೆ ಚೆಂಡು ಹೂವು

ಮನೆತನದಲ್ಲಿ ಮೊದಲ ಬಾರಿಗೆ ಪದವಿ ಪಡೆದವನಿಗೆ ಆ ಪದವಿ ಒಂದು ವಿಷಯದಲ್ಲಿ ಮಾತ್ರ ದೊರೆತಿರುತ್ತದೆ. ಆದರೆ ಮನೆಯವರು, ಊರಿನವರು, ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರು ಅದನ್ನು ಸಕಲ ವಿಷಯಗಳಿಗೂ ಅನ್ವಯಿಸುತ್ತಾರೆ. ನಾನು ಓದಿದ್ದು ರಸಾಯನಶಾಸ್ತ್ರ. ಆದರೂ ರಜೆಯಲ್ಲಿ ರಾಯಬಾಗದ ಹತ್ತಿರದ ನಮ್ಮ ಹಳ್ಳಿಗೆ ಹೋದಾಗ ಎಮ್ಮೆಯ ಕೆಚ್ಚಲು ಬಾವು, ತಹಶೀಲ್ದಾರರಿಗೆ ಕೊಡಬೇಕಾದ ಅರ್ಜಿ, ನಿಂತುಹೋದ ಗಡಿಯಾರ, ಗಂಡಿನ ಕಡೆಯವರಿಗೆ ಬರೆಯಬೇಕಾದ ಪತ್ರ, ಎಲ್ಲವೂ ನನ್ನ ಮುಂದೆ ಬಂದು ನಿಲ್ಲುತ್ತಿದ್ದವು. ಇವುಗಳಲ್ಲಿ ಯಾವುದೂ ನನಗೆ ತಿಳಿಯದೆಂದು ಒಪ್ಪಿಕೊಂಡಿದ್ದರೆ ಯಾರೂ ನನ್ನ ಪದವಿಯನ್ನು ಕಿತ್ತುಕೊಳ್ಳುತ್ತಿರಲಿಲ್ಲ. ಆದರೆ 'ಗೊತ್ತಿಲ್ಲ' ಎಂಬ ಮಾತನ್ನು ಹೇಳಲು ಬೇಕಾದ ಧೈರ್ಯ, ನಾಲ್ಕು ತಲೆಮಾರು ಓದಿದ ಮನೆಯವರಿಗೆ ಮಾತ್ರ ಬರುತ್ತದೆಂದು ನನ್ನ ನಂಬಿಕೆ. ಕಬ್ಬಿನ ಎಲೆ ಏಕೆ ಕೆಂಪಾಗಿದೆಯೆಂದು ಕೇಳಿದ ಕಾಕಾನಿಗೆ ನಾನು ಕಬ್ಬಿಣದ ಅಂಶದ ಬಗ್ಗೆ ಅರ್ಧ ಗಂಟೆ ಮಾತನಾಡಿದ್ದುಂಟು. ಕಾಕಾ ಕೈಮುಗಿದು ಹೋಗಿ, ಪಕ್ಕದ ಹೊಲದವನನ್ನು ಕೇಳಿ ಔಷಧ ಹಾಕಿದ.

ನನ್ನ ಭಾಷೆಯ ಕಥೆಯೂ ಇದೇ ಬಗೆಯದು. ಚಿಕ್ಕೋಡಿಯ ಕಾಲೇಜಿನ ಮೊದಲ ವಾರದಲ್ಲಿ ನಾನು ಮನೆಯ ಮಾತಿನಲ್ಲಿ ಉತ್ತರ ಕೊಟ್ಟಾಗ ಹಿಂದಿನ ಬೆಂಚಿನವರು ನಕ್ಕರು. ಅಂದಿನಿಂದ ಪಠ್ಯಪುಸ್ತಕದ ಭಾಷೆಯನ್ನು ಅಂಗಿಯಂತೆ ತೊಟ್ಟುಕೊಂಡೆ. ಆಮೇಲೆ ಅದರ ಗುಂಡಿ ಬಿಚ್ಚಲಾಗಲಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿಗೆ "ಸುವರ್ಣಾ, ಕುಡಿಯಲು ನೀರು ದೊರೆಯಬಹುದೇ?" ಎಂದು ಕೇಳಿದ್ದೆ. ಅವಳು ನೀರು ಕೊಟ್ಟು, ಒಳಗೆ ಹೋಗಿ ನನ್ನ ತಾಯಿಯನ್ನು ಕೇಳಿದಳಂತೆ: "ಅತ್ತಿ, ಇವ್ರು ನನ್ನ ಮ್ಯಾಲೆ ಸಿಟ್ಟ ಆಗ್ಯಾರೇನ್ರಿ?"

ಎಂಬತ್ತರ ದಶಕದ ಕೊನೆಯಲ್ಲಿ ನನಗೆ ಐನಾಪುರದ ಪ್ರೌಢಶಾಲೆಯಲ್ಲಿ ವಿಜ್ಞಾನದ ಮಾಸ್ತರಿಕೆ ದೊರೆಯಿತು. ಬಾಡಿಗೆಗೆ ಸಿಕ್ಕ ಮನೆ, ಜಿನ್ನಪ್ಪಣ್ಣ ಎಂಬ ಜೈನ ಒಕ್ಕಲಿಗರ ದೊಡ್ಡ ಮನೆಗೆ ಅಂಟಿಕೊಂಡ ಎರಡು ಕೋಣೆ. ಹಿಂದೆ ಉದ್ದನೆಯ ಹಿತ್ತಲು. ಜಿನ್ನಪ್ಪಣ್ಣನಿಗೆ ಕಬ್ಬಿನ ಹೊಲವಿತ್ತು, ಒಂದು ಟ್ರ್ಯಾಕ್ಟರ್ ಇತ್ತು, ಮತ್ತು ನನ್ನ ಭಾಷೆಯ ಬಗ್ಗೆ ಒಂದು ಅಭಿಪ್ರಾಯವಿತ್ತು. "ಸರ್ರ, ನೀವು ಬಾಯಿ ತಗದ್ರ ರೇಡಿಯೋದಾಗ ವಾರ್ತಾ ಹಚ್ಚಿದಂಗ ಆಕೈತ್ರಿ. ಬಂದ್ ಮಾಡೂ ಗುಂಡಿ ಎಲ್ಲಿ ಐತಿ ಅಂತ ಗೊತ್ತಾಗಂಗಿಲ್ಲ" ಎಂದು ಮೊದಲ ತಿಂಗಳೇ ಹೇಳಿದ್ದ. ಆದರೆ ಆ ಮನೆಯ ನಿಜವಾದ ಒಡೆತನ ಅವನ ತಾಯಿಯದು. ಎಪ್ಪತ್ತು ದಾಟಿದ ಆ ಮುದುಕಿಯನ್ನು ಓಣಿಯೆಲ್ಲ ಆಯಿ ಎನ್ನುತ್ತಿತ್ತು. ಆಯಿ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವರು. ನೆಲದೊಳಗೆ ಬೆಳೆದ ಗಡ್ಡೆಗೆಣಸನ್ನು ಮುಟ್ಟರು. ಹೊಸ್ತಿಲಲ್ಲಿ ಇರುವೆಯ ಸಾಲು ಹೊರಟಿದ್ದರೆ ಅದು ದಾಟಿ ಮುಗಿಯುವವರೆಗೆ ಒಳಗೇ ನಿಂತಿರುವರು. ಒಮ್ಮೆ ಹೀಗೆ ನಿಂತು, ಅಥಣಿಗೆ ಹೋಗುವ ಬಸ್ಸು ತಪ್ಪಿಸಿಕೊಂಡರು.

ಮನೆ ಕೊಡುವಾಗ ಅವರು ಹಾಕಿದ ಕರಾರು ಒಂದೇ. "ಹಿತ್ತಲದಾಗ ಏನ್ ಬೇಕಾದ್ದು ಹಚ್ಚರಿ, ಬೆಳೀರಿ, ತಿನ್ನರಿ, ಮಾಸ್ತರ. ಎಣ್ಣಿ ಮಾತ್ರ ಹೊಡೀಬ್ಯಾಡ್ರಿ." ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಎಂದೇ ಹೆಸರು. ನಾನು ಕೂಡಲೇ ಒಪ್ಪಿದೆ. ಹುಳವನ್ನು ಕೊಲ್ಲುವ ಉದ್ದೇಶ ನನಗಿರಲಿಲ್ಲ. ಹುಳಗಳ ಉದ್ದೇಶ ಏನೆಂಬುದು ಇನ್ನೂ ತಿಳಿದಿರಲಿಲ್ಲ.

ಆಯಿಯ ಬದನೆಕಾಯಿಯ ಕಥೆಯನ್ನು ನನಗೆ ಹೇಳಿದವನು ಜಿನ್ನಪ್ಪಣ್ಣ. ಒಂದು ಕಾಲಕ್ಕೆ ಆಯಿಯ ಕೈಯ ಎಣಗಾಯಿ ಎಂದರೆ ಓಣಿಯೇ ಬಾಯಿ ತೆರೆಯುತ್ತಿತ್ತಂತೆ. ಎಳೆಯ ಬದನೆಕಾಯಿಯನ್ನು ತೊಟ್ಟು ಬಿಡಿಸದೆ ನಾಲ್ಕು ಸೀಳು ಮಾಡಿ, ಹುರಿದ ಶೇಂಗಾ ಮತ್ತು ಗುರೆಳ್ಳಿನ ಪುಡಿ ತುಂಬಿ ಬೇಯಿಸುವ ಆ ಪಲ್ಯ ಅವರಿಗೂ ಪ್ರಾಣ. ಹನ್ನೆರಡು ವರ್ಷಗಳ ಹಿಂದೆ ಒಂದು ದಿನ ಹೀಗೆ ಸೀಳುವಾಗ ಈಳಿಗೆಯ ಬಾಯಿಗೆ ಒಳಗಿದ್ದ ಹುಳ ಸಿಕ್ಕಿ ಎರಡು ತುಂಡಾಯಿತು. ಎರಡೂ ತುಂಡು ಹೊರಳಾಡಿದವು. ಆಯಿ ಈಳಿಗೆ ಬಿಟ್ಟು ಎದ್ದರು. "ಹುಳಾ ಇಲ್ಲದ ಬದನಿ ಯಾವಾಗ ಬೆಳೀತೈತಿ, ಆವಾಗ ತಿಂತೀನಿ" ಎಂದವರು ಅಂದಿನಿಂದ ಮುಟ್ಟಿಲ್ಲ. ಮನೆಯ ಉಳಿದವರು ತಿನ್ನಲು ಅವರ ಅಡ್ಡಿಯಿಲ್ಲ. ಸೊಸೆ ಎಣಗಾಯಿ ಮಾಡಿದ ದಿನ ಆಯಿ ಎದ್ದು ಅಂಗಳದ ಕಟ್ಟೆಗೆ ಹೋಗಿ ಕೂಡುತ್ತಿದ್ದರು. ಅದು ವಾಸನೆಯಿಂದ ದೂರ ಇರಲಿಕ್ಕೆಂದು ನಾನು ತಿಳಿದಿದ್ದೆ. ಅಡುಗೆಮನೆಯ ಕಿಟಕಿಯ ಗಾಳಿ ನೇರವಾಗಿ ಆ ಕಟ್ಟೆಗೇ ಬರುತ್ತಿತ್ತೆಂಬುದನ್ನು ಆಮೇಲೆ ಗಮನಿಸಿದೆ.

ಇಂಥ ಸಂದರ್ಭದಲ್ಲಿ ನಾನು ಸುಮ್ಮನಿರಬೇಕಾಗಿತ್ತು. ಆದರೆ ಅದೇ ವಾರ ಶಾಲೆಯ ಗ್ರಂಥಾಲಯಕ್ಕೆ ಬಂದ ಕೃಷಿ ಮಾಸಪತ್ರಿಕೆಯಲ್ಲಿ ಒಂದು ಲೇಖನವಿತ್ತು. ತರಕಾರಿಯ ಸಾಲುಗಳ ನಡುವೆ ಚೆಂಡು ಹೂವಿನ ಸಾಲು ಹಾಕಿದರೆ ಕೀಟಬಾಧೆ ಕಡಿಮೆಯಾಗುತ್ತದೆ ಎಂದು ಅದರ ಮೊದಲ ಪುಟ ಹೇಳುತ್ತಿತ್ತು. ಎರಡನೆಯ ಪುಟ ಏನು ಹೇಳುತ್ತಿತ್ತೆಂದು ನನಗೆ ತಿಳಿಯದು. ಅಷ್ಟರಲ್ಲಿ ಗಂಟೆ ಬಾರಿಸಿತು. ಚಿತ್ರದಲ್ಲಿ ಟೊಮ್ಯಾಟೊ ಗಿಡಗಳಿದ್ದವು. ಟೊಮ್ಯಾಟೊಗೆ ಒಪ್ಪುವುದು ಬದನೆಗೆ ಒಪ್ಪದಿರಲು ಕಾರಣವೇನು? ಸಂಜೆ ಮನೆಗೆ ಬಂದವನೇ ಕಟ್ಟೆಯ ಮೇಲಿದ್ದ ಆಯಿಯ ಮುಂದೆ ನಿಂತು, "ಆಯಿಯವರೇ, ಒಂದು ಜೀವಿಯನ್ನೂ ಕೊಲ್ಲದೆ ಹುಳುಕಿಲ್ಲದ ಬದನೆಯನ್ನು ಬೆಳೆಯುವ ವೈಜ್ಞಾನಿಕ ವಿಧಾನವಿದೆ. ಚೆಂಡು ಹೂವಿನ ವಾಸನೆಗೆ ಕೀಟಗಳು ತಾವಾಗಿಯೇ ದೂರ ಸರಿಯುತ್ತವೆ" ಎಂದೆ.

ಆಯಿ ನನ್ನನ್ನು ನೋಡಿದರು. "ಖರೇನ?"

"ನಿಸ್ಸಂಶಯವಾಗಿ."

"ಹಂಗಾರ ಬೆಳೀರಿ" ಎಂದರು. ಆಮೇಲೆ "ಮುಳ್ಳ ಬದನಿ ಹಚ್ಚರಿ. ಅದಕ ರುಚಿ ಭಾಳ" ಎಂದು ಸೇರಿಸಿದರು. ಹನ್ನೆರಡು ವರ್ಷ ಕಾದವರ ದನಿಯಲ್ಲಿದ್ದ ಆ ಆತುರವನ್ನು ಕೇಳಿ ನನಗೆ ಮೊದಲ ಬಾರಿಗೆ ಸ್ವಲ್ಪ ಹೆದರಿಕೆಯಾಯಿತು. ಆದರೆ ಮಾತು ಬಾಯಿಂದ ಹೊರಟುಹೋಗಿತ್ತು, ಅದೂ ಪಠ್ಯಪುಸ್ತಕದ ಭಾಷೆಯಲ್ಲಿ.

ನಿಪ್ಪಾಣಿಗೆ ಒಂದು ಮದುವೆಗೆ ಹೋದಾಗ ಚೆಂಡು ಹೂವಿನ ಬೀಜ ತಂದೆ. ಮಳೆಗಾಲದ ಆರಂಭದಲ್ಲಿ ಹಗ್ಗ ಕಟ್ಟಿ, ಶಾಲೆಯ ಅಳತೆಪಟ್ಟಿಯಿಂದ ಅಂತರ ಅಳೆದು, ಎರಡು ಸಾಲು ಬದನೆಗೆ ಒಂದು ಸಾಲು ಹೂವಿನಂತೆ ನೆಟ್ಟೆ. ಸುವರ್ಣಾ ಸಸಿಗಳನ್ನು ಎತ್ತಿಕೊಡುತ್ತ, "ನಮ್ಮಪ್ಪ ಬದನಿ ಹಚ್ಚಿದಾಗ..." ಎಂದು ಏನೋ ಹೇಳಲು ಹೊರಟಳು. ಅವಳು ರೈತನ ಮಗಳು; ಏಳನೆಯ ತರಗತಿಯವರೆಗೆ ಓದಿದವಳು. ನಾನು ಮೃದುವಾಗಿ, "ಸುವರ್ಣಾ, ನಿನ್ನ ತಂದೆಯವರ ಅನುಭವದ ಬಗ್ಗೆ ನನಗೆ ಗೌರವವಿದೆ. ಆದರೆ ಇದು ಸಂಶೋಧನೆ" ಎಂದೆ. ಅವಳು ಸುಮ್ಮನಾದಳು. ಹೆಂಡತಿ ಸುಮ್ಮನಾದರೆ ಒಪ್ಪಿದಳೆಂದು ಅರ್ಥ ಮಾಡಿಕೊಳ್ಳುವಷ್ಟು ಹೊಸದಾಗಿತ್ತು ನಮ್ಮ ಸಂಸಾರ.

ಪರಿಣಾಮ ಅದ್ಭುತವಾಗಿತ್ತು. ಶ್ರಾವಣ ಮುಗಿಯುವುದರೊಳಗೆ ಹಿತ್ತಲು ಹಳದಿ, ಕೇಸರಿ ಬಣ್ಣಗಳಿಂದ ತುಂಬಿತು. ಬದನೆ ಗಿಡಗಳು ಚಿಗುರಿ, ಮೊಗ್ಗು ಹಿಡಿದು, ಕಾಯಿ ಬಿಟ್ಟವು. ಒಂದು ಕಾಯಿಯನ್ನು ಗುಟ್ಟಾಗಿ ಕೊಯ್ದು ನೋಡಿದೆ: ಒಳಗೆ ಬೆಣ್ಣೆಯಂತೆ ಬಿಳುಪು. ಮತ್ತೆರಡು ಕೊಯ್ದೆ, ಹುಳವಿಲ್ಲ. ಶಾಲೆಯಲ್ಲಿ ಹತ್ತನೆಯ ತರಗತಿಗೆ ಆಮ್ಲ-ಪ್ರತ್ಯಾಮ್ಲದ ಪಾಠ ಹೇಳಬೇಕಾಗಿದ್ದ ದಿನ ಚೆಂಡು ಹೂವಿನ ಮಹಿಮೆಯನ್ನು ಹೇಳಿದೆ. ಆಯಿಗೆ ವರದಿ ಒಪ್ಪಿಸಿದೆ. ಅವರು, "ಪರ್ವ ಬಂತು. ಉಪವಾಸ ಮುಗೀಲಿ, ಕ್ಷಮಾವಣಿ ದಿನಾ ತಿಂತೀನಿ" ಎಂದರು.

ಜೈನರ ಮನೆಗಳಲ್ಲಿ ಭಾದ್ರಪದದ ಹತ್ತು ದಿನ ದಶಲಕ್ಷಣ ಪರ್ವ. ಅದು ಮುಗಿದ ಮೇಲೆ ಕ್ಷಮಾವಣಿ: ಅಂದು ಎಲ್ಲರೂ ಎಲ್ಲರ ಬಳಿಗೂ ಹೋಗಿ, ವರ್ಷದಲ್ಲಿ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕೈಮುಗಿದು ಕ್ಷಮೆ ಕೇಳುತ್ತಾರೆ. ಕೇಳಿಸಿಕೊಂಡವರೂ ಹಾಗೆಯೇ ಕೇಳಬೇಕು. ಆ ದಿನ ಬೆಳಗ್ಗೆ, ಆಯಿಗೆ ಕೊಡಬೇಕಾದ ಕಾಯಿಗಳನ್ನು ನನ್ನ ಕೈಯಿಂದಲೇ ಕೊಯ್ಯಬೇಕೆಂದು ನಾನು ಎಂದಿಲ್ಲದಂತೆ ಬೇಗ ಎದ್ದು ಹಿತ್ತಲಿಗೆ ಹೋದೆ. ಸುವರ್ಣಾ ಆಗಲೇ ಸಾಲಿನ ನಡುವೆ ಇದ್ದಳು. ಬದನೆ ಗಿಡಗಳ ಜೋತುಬಿದ್ದ ಚಿಗುರುಗಳನ್ನು ಮುರಿದು ಮುರಿದು ಸೆರಗಿನ ಉಡಿಯಲ್ಲಿ ಹಾಕಿಕೊಳ್ಳುತ್ತಿದ್ದಳು.

"ಏನು ಮಾಡುತ್ತಿರುವೆ?" ಎಂದೆ.

"ಬಾಡಿದ ತುದಿ ಮುರ್ಯಾಕತ್ತೀನ್ರಿ. ಹುಳಾ ಮೊದಲ ತುದಿಗೆ ಹೊಕ್ಕತೈತಿ, ಆಮ್ಯಾಲ ಕಾಯಿಗೆ ಬರತೈತಿ. ಬಾಡಿದ ಕೂಡ್ಲೆ ಮುರದ್ರ ಕಾಯಿಗೆ ಬರಂಗಿಲ್ಲ. ನಮ್ಮಪ್ಪ ಹಂಗ ಮಾಡತಿದ್ದ."

"ಎಂದಿನಿಂದ ಮುರಿಯುತ್ತಿದ್ದೀ?"

"ಗಿಡಾ ಮೊಣಕಾಲಮಟ ಬಂದಾಗಿಂದ. ದಿನಾ."

"ಹಾಗಾದರೆ ಈ ಚೆಂಡು ಹೂವು?"

ಅವಳು ಹೂವಿನ ಸಾಲನ್ನು ಒಮ್ಮೆ ನೋಡಿದಳು. "ಚಂದ ಅದಾವಲ್ರಿ. ಇರ್ಲಿ."

ಮುರಿದ ತುದಿಗಳನ್ನು ಏನು ಮಾಡುತ್ತೀ ಎಂದು ಕೇಳಿದೆ. ಅವಳು ಬಚ್ಚಲಿನ ಕಡೆ, ಸ್ನಾನದ ನೀರು ಕಾಯಿಸುವ ಹಂಡೆಯ ಒಲೆಯ ಕಡೆ ನೋಡಿದಳು. ಒಲೆ ಚೆನ್ನಾಗಿ ಉರಿಯುತ್ತಿತ್ತು. ಎರಡು ತಿಂಗಳಿಂದ ಪ್ರತಿ ಬೆಳಗ್ಗೆ ಅಹಿಂಸಾತ್ಮಕ ಕೃಷಿಯ ಬಗ್ಗೆ ಚಿಂತಿಸುತ್ತ ನಾನು ಸ್ನಾನ ಮಾಡಿದ ನೀರು ಎಂಥ ಉರಿಯಲ್ಲಿ ಕಾದದ್ದೆಂಬುದು ಆಗ ತಿಳಿಯಿತು.

"ನನಗೇಕೆ ಹೇಳಲಿಲ್ಲ?"

"ಹೇಳಾಕ ಬಂದಿದ್ದೆ. ಸಂಶೋಧನಾ ಅಂದ್ರಿ" ಎಂದಳು ಸುವರ್ಣಾ. ಅವಳ ದನಿಯಲ್ಲಿ ಕುಹಕವಿರಲಿಲ್ಲ. ಅದೇ ಹೆಚ್ಚು ಚುಚ್ಚಿತು. "ಎಣ್ಣಿ ಹೊಡೀಬ್ಯಾಡ್ರಿ ಅಂದಿದ್ರು, ಹೊಡದಿಲ್ಲ. ನಿಮ್ಮ ಮಾತ ಉಳೀಬೇಕಿತ್ತು. ಈಗ ನೋಡಿದ್ರ ಆಯಿಗೆ ನಾವು ಮೋಸಾ ಮಾಡಿದಂಗ ಆತೇನ್ರಿ? ಹೇಳಿಬಿಡ್ರಿ ಅವ್ರಿಗೆ. ಇವತ್ತ ಹೆಂಗೂ ಕ್ಷಮಾ ಕೇಳೂ ದಿನಾ."

ಹೇಳಲೇಬೇಕೆಂದು ನಿರ್ಧರಿಸಿದೆ. ಆದರೆ ಅಂಥ ವಿಷಯವನ್ನು ಹೇಗೆಂದರೆ ಹಾಗೆ ಹೇಳಲಾಗದು. ಸ್ನಾನ ಮಾಡಿ (ತಣ್ಣೀರಿನಲ್ಲಿ), ಇಸ್ತ್ರಿಯ ಅಂಗಿ ತೊಟ್ಟು, ವಾಕ್ಯವನ್ನು ಮನಸ್ಸಿನಲ್ಲಿ ನಾಲ್ಕು ಸಲ ತಿದ್ದಿ, ಆರು ಬದನೆಕಾಯಿಗಳನ್ನು ತಟ್ಟೆಯಲ್ಲಿಟ್ಟುಕೊಂಡು ಹೊರಟಾಗ ಒಂದು ಗಂಟೆ ಕಳೆದಿತ್ತು. ಆಯಿಯ ಪಡಸಾಲೆಯಿಂದ ಸುವರ್ಣಾ ಎದುರಿಗೆ ಬಂದಳು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ನಾನು ವಾಕ್ಯ ಮರೆತೀತೆಂಬ ಭಯದಲ್ಲಿ ಅವಳನ್ನು ಮಾತನಾಡಿಸಲಿಲ್ಲ.

ಆಯಿ ಈಳಿಗೆಯ ಮುಂದೆ ಕುಳಿತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು ಎದ್ದು ನಿಂತು, ತಮ್ಮ ಮೊಮ್ಮಗನ ವಯಸ್ಸಿನ ನನಗೆ ಕೈಮುಗಿದರು. "ಮಾಸ್ತರ, ವರ್ಷದಾಗ ತಿಳದೋ ತಿಳೀದನೋ ನನ್ನಿಂದ ಏನರ ತಪ್ಪಾಗಿದ್ರ ಕ್ಷಮಾ ಮಾಡ್ರಿ." ಈಗ ನಾನು ಹೇಳಬೇಕಾಗಿತ್ತು. ತಪ್ಪೊಪ್ಪಿಕೊಳ್ಳಲು ಅದಕ್ಕಿಂತ ಒಳ್ಳೆಯ ಗಳಿಗೆಯನ್ನು ಯಾವ ಧರ್ಮವೂ ಏರ್ಪಡಿಸಿಕೊಟ್ಟಿಲ್ಲ. ನಾನು ಗಂಟಲು ಸರಿಪಡಿಸಿಕೊಂಡು, "ಆಯಿಯವರೇ, ಕಾಯಾ ವಾಚಾ ಮನಸಾ ನನ್ನಿಂದ ಸಂಭವಿಸಿರಬಹುದಾದ ಸಮಸ್ತ ಲೋಪದೋಷಗಳನ್ನು ತಾವು ಔದಾರ್ಯದಿಂದ ಮನ್ನಿಸಬೇಕೆಂದು ಪ್ರಾರ್ಥಿಸುತ್ತೇನೆ" ಎಂದೆ. ಶಾಲೆಯ ವಾರ್ಷಿಕೋತ್ಸವದ ವಂದನಾರ್ಪಣೆಗೂ ಇದಕ್ಕೂ ಏನೂ ವ್ಯತ್ಯಾಸವಿರಲಿಲ್ಲ. ಸಮಸ್ತವನ್ನೂ ಹೇಳಿದ್ದೆ, ಒಂದನ್ನೂ ಹೇಳಿರಲಿಲ್ಲ.

ಆಯಿ ಕುಳಿತು ಕಾಯಿಗಳನ್ನು ಒಂದೊಂದಾಗಿ ಸೀಳಿದರು. ಆರರಲ್ಲೂ ಹುಳವಿರಲಿಲ್ಲ. "ಹುಳಾ ಎಲ್ಲಿ ಹೋದವು, ಮಾಸ್ತರ?" ಎಂದು ತಲೆ ಎತ್ತದೆ ಕೇಳಿದರು.

"ಚೆಂಡು ಹೂವಿನ ಗಿಡಗಳಿಗೆ ಸ್ಥಳಾಂತರಗೊಂಡಿವೆ."

"ಹೌದನು? ಅಲ್ಲಿ ಆರಾಮ ಅದಾವನು?"

"ಆರಾಮವಾಗಿವೆ" ಎಂದೆ. ಶಾಲೆಗೆ ಹೊತ್ತಾಯಿತೆಂದು ಹೇಳಿ ಹೊರಟುಬಿಟ್ಟೆ. ಅಂದು ಕ್ಷಮಾವಣಿಯ ನಿಮಿತ್ತ ಶಾಲೆಗೆ ರಜೆ ಇತ್ತೆಂಬುದು ಓಣಿಯ ತಿರುವಿನಲ್ಲಿ ನೆನಪಾಯಿತು. ಮರುದಿನ ಜಿನ್ನಪ್ಪಣ್ಣ ಸಿಕ್ಕಿ, "ಸರ್ರ, ಎಣಗಾಯಿ ಭಾರಿ ಆಗಿತ್ತು" ಎಂದ. ಆಯಿಯ ವ್ರತ ಮುಗಿಯಿತೆಂದು ತಿಳಿದೆ. ಒಬ್ಬ ಮುದುಕಿಯ ಹನ್ನೆರಡು ವರ್ಷದ ನಿಯಮವನ್ನು ನಾನು ಬೆಂಕಿಯಲ್ಲಿ ಬೇಯಿಸಿ ತಿನ್ನಿಸಿದ್ದೆ.

ಸುಳ್ಳಿಗೆ ಬೇರುಗಳು ಬರಲು ಹೆಚ್ಚು ದಿನ ಬೇಕಾಗಲಿಲ್ಲ. ಮೂರು ವಾರಕ್ಕೆ ಖಂಡೆಪೂಜೆ, ಅಂದರೆ ಆಯುಧಪೂಜೆ, ಬಂತು. ನಮ್ಮ ಕಡೆ ಆ ದಿನ ನೇಗಿಲಿನಿಂದ ಟ್ರ್ಯಾಕ್ಟರಿನವರೆಗೆ ಎಲ್ಲದಕ್ಕೂ ಚೆಂಡು ಹೂವಿನ ಮಾಲೆ ಬೇಕು. ಓಣಿಯ ಅರ್ಧ ಜನ ಬುಟ್ಟಿ ಹಿಡಿದು ನಮ್ಮ ಹಿತ್ತಲ ಬಾಗಿಲಿಗೆ ಬಂದರು. ಆಯಿ ಬಾಗಿಲಿಗೆ ಅಡ್ಡ ನಿಂತು, "ಒಂದ ಹೂವಾ ಹರೀಬ್ಯಾಡ್ರಿ. ಬದನಿ ಹುಳಾ ಎಲ್ಲಾ ಅದರಾಗ ಅದಾವು. ಮಾಸ್ತರು ಹೇಳ್ಯಾರ" ಎಂದರು. ಜನ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಸಾವಿರಾರು ಹೂಗಳು ಗಿಡದಲ್ಲಿ ತೂಗುತ್ತಿರುವಾಗ ಜಿನ್ನಪ್ಪಣ್ಣ ಸೈಕಲ್ ಹತ್ತಿ ಸಂತೆಗೆ ಹೋಗಿ ಹೂವು ಕೊಂಡು ತಂದ. "ಸರ್ರ, ನಿಮ್ಮ ಶಾಣ್ಯಾತನ ನಮಗ ಭಾರಿ ಆತ್ರಿ" ಎಂದು ನನಗೂ ಒಂದು ಸಣ್ಣ ಮಾಲೆ ಕೊಟ್ಟ. ಅದನ್ನು ನನ್ನ ಸೈಕಲ್ಲಿಗೆ ಹಾಕಿ ಪೂಜೆ ಮಾಡಿದೆ. ನಮ್ಮ ಹಿತ್ತಲ ಹೂಗಳು ಗಿಡದಲ್ಲೇ ಒಣಗಿದವು, ಹುಳಗಳಿಲ್ಲದ ಧರ್ಮಶಾಲೆಯಂತೆ.

ಆ ಸೈಕಲ್ಲಿನ ಪೂಜೆ ವ್ಯರ್ಥವಾಗಲಿಲ್ಲ. ಮರುವರ್ಷ ಮತ್ತೆ ಬದನೆ, ಮತ್ತೆ ಚೆಂಡು ಹೂವು ಹಾಕಿದೆವು. ಹಾಕದೆ ಬೇರೆ ದಾರಿಯಿರಲಿಲ್ಲ. ಆದರೆ ಈ ಸಲ ಒಂದು ತುದಿಯೂ ಒಲೆಗೆ ಬೀಳಕೂಡದೆಂದು ಸುವರ್ಣಾಗೆ ಹೇಳಿದೆ. ಅವಳು ಮುರಿದ ತುದಿಗಳನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಟ್ಟರೆ, ನಾನು ಅದನ್ನು ಸೈಕಲ್ ಹಿಡಿಕೆಗೆ ತೂಗುಹಾಕಿಕೊಂಡು ಊರ ಹೊರಗಿನ ಹಳ್ಳದ ದಂಡೆಗೆ ಹೋಗಿ, ಅಲ್ಲಿ ಬೆಳೆದಿದ್ದ ಮುಳ್ಳಿನ ಕಾಡುಬದನೆಯ ಮೇಲೆ ಬಿಟ್ಟು ಬರುತ್ತಿದ್ದೆ. ಸುಳ್ಳನ್ನು ಹಿಂತೆಗೆದುಕೊಳ್ಳುವುದಕ್ಕಿಂತ ದಿನಕ್ಕೆ ಎರಡು ಮೈಲಿ ಸೈಕಲ್ ತುಳಿದು ಅದನ್ನು ನಿಜ ಮಾಡುವುದು ನನಗೆ ಸುಲಭವಾಗಿತ್ತು. ದಾರಿಯಲ್ಲಿ ಸಿಕ್ಕವರು "ಚೀಲದಾಗ ಏನ್ರಿ ಸರ್?" ಎಂದರೆ "ಪ್ರಯೋಗದ ಮಾದರಿಗಳು" ಎನ್ನುತ್ತಿದ್ದೆ.

ಮತ್ತೆ ಕ್ಷಮಾವಣಿ ಬಂತು. ಈ ಸಲವೂ ಬದನೆಕಾಯಿಯ ತಟ್ಟೆ ಹಿಡಿದು ಹೋದೆ, ಆದರೆ ವಾಕ್ಯ ಸಿದ್ಧಪಡಿಸಿಕೊಂಡಿರಲಿಲ್ಲ. ಆಯಿ ಕೈಮುಗಿದು ಅದೇ ಮಾತು ಹೇಳಿ ನಿಂತಾಗ, ಕಾಲೇಜಿನ ಮೊದಲ ವಾರದ ನಂತರ ಬಾಯಿಂದ ಹೊರಡದಿದ್ದ ಮನೆಯ ಮಾತು ತಾನಾಗಿ ಹೊರಟಿತು. "ಆಯಿ, ಹ್ವಾದ ವರ್ಷ ನಾ ಸುಳ್ಳ ಹೇಳೀನ್ರಿ. ಹುಳಾ ಹೂವಿಗೆ ಹೋಗಿದ್ದಿಲ್ಲ. ಒಲಿಯೊಳಗ ಹೋಗಿದ್ವು."

"ಗೊತ್ತೈತಿ, ಬಾಳಾ" ಎಂದರು ಆಯಿ. ಬಾಳಾ ಎಂದರೆ ಮಗು; ಅದುವರೆಗೆ ನಾನು ಅವರಿಗೆ ಮಾಸ್ತರನಾಗಿದ್ದೆ. "ಆವತ್ತು ನೀವು ಬರೂಕ ಮೊದಲ ಸುವರ್ಣಾ ಬಂದಿದ್ಲು. ನಾ ಸುಟ್ಟೀನಿ ಆಯಿ, ಕ್ಷಮಾ ಮಾಡ್ರಿ ಅಂತ ಅತ್ತಳು. ಮಾಡೀನಿ."

"ಮತ್ತ ನೀವು ಬದನಿಕಾಯಿ ತಿಂದ್ರಲ್ರಿ?"

"ಯಾರ ಹೇಳಿದ್ರು? ಜಿನ್ನಪ್ಪ ತಿಂದ. ನೀವು ವರ್ಷಾ ಪೂರ್ತಿ ತಂದಕೊಟ್ಟದ್ದೆಲ್ಲಾ ಅಂವಾ ತಿಂದಾನ. ಅಂವನ ಹೊಟ್ಟಿ ನೋಡಿಲ್ಲೇನು?"

ಹಾಗಾದರೆ ಹೂವು ಹರಿಯಬೇಡಿರೆಂದು ಬಾಗಿಲಿಗೆ ಅಡ್ಡ ನಿಂತದ್ದೇಕೆ ಎಂದು ಕೇಳಿದೆ. ಆಯಿಗೆ ಈ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಹುಳಾ ಅಲ್ಲಿ ಅದಾವು ಅಂತ ನೀವು ಹೇಳಿದ್ರಿ. ಹೂವಾ ಮನಿಮನಿಗೆ ಹೋಗಿದ್ರ ಮಂದಿ ನೋಡತಿದ್ರು, ಒಂದೂ ಹುಳಾ ಇರತಿದ್ದಿಲ್ಲ. ಕಲತ ಮನಷ್ಯಾನ ಮಾತು ಬೀಳಬಾರದು."

ಒಂದು ವರ್ಷ ನಾನು ಆ ಮುದುಕಿಯಿಂದ ಸುಳ್ಳನ್ನು ಕಾಪಾಡಿಕೊಂಡಿದ್ದೇನೆಂದು ತಿಳಿದಿದ್ದೆ. ಅವರು ಅದನ್ನು ನನಗಾಗಿ ಕಾಯುತ್ತಿದ್ದರು.

"ಈ ವರ್ಷದ ಹುಳಾ?" ಎಂದರು ಆಯಿ.

"ಸೈಕಲ್ ಮ್ಯಾಲೆ ಒಯ್ದು ಹಳ್ಳದ ದಂಡಿಗೆ ಬಿಟ್ಟು ಬರತೀನ್ರಿ. ಕಾಡಬದನಿ ಮ್ಯಾಲೆ."

"ಜೀವಂತ?"

"ಜೀವಂತ."

ಆಯಿ ಈಳಿಗೆಯನ್ನು ಮುಂದಕ್ಕೆ ಎಳೆದುಕೊಂಡರು. ಅಂದು ಮಧ್ಯಾಹ್ನ ನಾನು, ಸುವರ್ಣಾ ಎದುರಿಗೆ ಕುಳಿತು ನೋಡುತ್ತಿರುವಾಗ, ಹದಿಮೂರು ವರ್ಷದ ನಂತರ ಆಯಿ ಎಣಗಾಯಿ ತಿಂದರು. ಮೊದಲ ತುತ್ತನ್ನು ಬಹಳ ಹೊತ್ತು ಅಗಿದು, "ಉಪ್ಪ ಒಂಚೂರು ಕಡಿಮಿ ಆಗೈತಿ" ಎಂದರು. ಆಮೇಲೆ 'ಇನ್ನೊಂದು' ಎಂಬಂತೆ ತಟ್ಟೆಯನ್ನು ಸೊಸೆಯ ಕಡೆ ಸರಿಸಿದರು. ಅಂದು ನಾನು ಶುದ್ಧನಾದೆನೆಂದು ತಿಳಿದೆ. ಇನ್ನು ಮುಂದೆ ತಿಳಿಯದ್ದನ್ನು ತಿಳಿಯದೆಂದೇ ಹೇಳುತ್ತೇನೆ, ತಪ್ಪಾದ ದಿನವೇ ಒಪ್ಪಿಕೊಳ್ಳುತ್ತೇನೆ ಎಂದು ಮನಸ್ಸಿನಲ್ಲಿ ಪ್ರತಿಜ್ಞೆಯನ್ನೂ ಮಾಡಿದೆ.

ತಿಂಗಳು ಕಳೆದಿರಲಿಲ್ಲ, ಜಿನ್ನಪ್ಪಣ್ಣ ಒಂದು ಸಂಜೆ ಬಂದು ಕಟ್ಟೆಯ ಮೇಲೆ ಕುಳಿತ. ಮುಖ ಬಾಡಿತ್ತು. "ಸರ್ರ, ವರ್ಷಾ ಪೂರ್ತಿ ನಿಮ್ಮ ಬದನಿಕಾಯಿ ತಿಂದು ನನಗ ಚಟಾ ಹತ್ತೇತ್ರಿ. ಅದಕ್ಕ ಈ ವರ್ಷ ನಾನೂ ಹಚ್ಚೀನಿ, ಹಳ್ಳದ ದಂಡಿ ಹೊಲದಾಗ. ಎಲ್ಲಿಂದ ಬಂದಾವೋ ಏನೋ, ಹುಳಾ ಅಂದ್ರ ಹುಳಾ. ಒಂದ ಕಾಯಿ ಬಿಟ್ಟಿಲ್ಲ. ನಮ್ಮ ಅಪ್ಪನ ಕಾಲಕ್ಕೂ ಆ ಕಡೆ ಇಷ್ಟ ಹುಳಾ ಕಂಡಿದ್ದಿಲ್ಲ. ಎಣ್ಣಿ ಹೊಡದ್ರ ಆಯಿ ಕಾಯಿ ಮನಿಯೊಳಗ ತರಗೊಡಂಗಿಲ್ಲ. ಯಾಕ ಹಿಂಗಾತು, ನಿಮಗೇನರ ಗೊತ್ತೈತೇನ್ರಿ?"

ಸುವರ್ಣಾ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಪಾಪ, ನಾನು ಹುಳ ಬಿಡುತ್ತಿದ್ದ ಕಾಡುಬದನೆಯ ಪಕ್ಕದ ಹೊಲ ಯಾರದೆಂದು ಅವಳಿಗೂ ಗೊತ್ತಿರಲಿಲ್ಲ.

"ಗೊತ್ತಿಲ್ಲ" ಎಂದೆ. ಜೀವನದಲ್ಲಿ ಮೊದಲ ಬಾರಿಗೆ ಆ ಮಾತು ನನ್ನ ಬಾಯಿಂದ ಎಷ್ಟು ಸರಾಗವಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

"ಹಂಗಾರ ನಿಮ್ಮ ಚೆಂಡ ಹೂವಿನ ಬೀಜಾ ಒಂದಿಷ್ಟ ಕೊಡ್ರಿ, ಮುಂದಿನ ಸಲ ಹಚ್ಚಿ ನೋಡ್ತೀನಿ" ಎಂದ ಜಿನ್ನಪ್ಪಣ್ಣ.

ಮುಂದಿನ ಕ್ಷಮಾವಣಿಗೆ ಇನ್ನೂ ಹನ್ನೊಂದು ತಿಂಗಳಿತ್ತು. ಬೀಜ ಕೊಟ್ಟೆ.